ಬಿಂದಿಗೆಗೆ ಕಟ್ಟಿದ ಗಂಟೆ

ನಮ್ಮ ಮನೆಯ ಹಿತ್ತಾಳೆ ಬಿಂದಿಗೆಯ ಕೊರಳಲ್ಲಿ ಕುರಿಯ ಗಂಟೆಯೊಂದು ತೂಗುತ್ತಿದೆ. ಯಾವುದೋ ಹರಕೆಯಿರಬೇಕೆಂದು ಕೈಮುಗಿದವರೂ ಉಂಟು. ಹರಕೆಯಲ್ಲ ಗೆಳೆಯರೇ, ನನ್ನ ಮರೆವಿನ ಬಿರುದು ಅದು. ಬುಕ್ಕಾಪಟ್ಟಣದ ಕಡೆಯ ಕುರಿಗಾರರ ಮನೆಯಲ್ಲಿ ಹುಟ್ಟಿದ ನಾನು, ನೀರಿಗೆಂದು ಹೊರಟು, ದಾರಿಯಲ್ಲಿ ಕಂಡ ಹುಣಸೆ ಚಿಗುರಿಗೆ ಮನಸೋತು, ಬಿಂದಿಗೆಯ ತುಂಬ ಚಿಗುರನ್ನೇ ಹೊತ್ತು ತರುತ್ತಿದ್ದವಳು. ನಡೆದಾಗಲೆಲ್ಲ ಸದ್ದಾಗಿ ನೀರು ನೆನಪಾಗಲೆಂದು ಅವ್ವ ಆ ಗಂಟೆ ಕಟ್ಟಿದಳು.

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಸೀಮೆಯ ಒಂದು ದೂರವಾಣಿ ಕೇಂದ್ರದಲ್ಲಿ ನಾನು ಆಪರೇಟರ್ ಆಗಿದ್ದೆ. ಪರ ಊರಿಗೆ ಟ್ರಂಕ್ ಕಾಲ್ ಕೇಳಿದವರ ಚೀಟಿ ಬರೆದಿಟ್ಟುಕೊಂಡು, ಲೈನು ಸಿಕ್ಕಾಗ ಜೋಡಿಸಿಕೊಡುವುದು ಕೆಲಸ. ಒಂದು ದಿನ ಮಗಳ ಹೆರಿಗೆಯ ಸುದ್ದಿ ತಿಳಿಯಲು ಪಾವಗಡಕ್ಕೆ ಕರೆ ಬರೆಸಿದ ಅಜ್ಜನೊಬ್ಬ ಸಂಜೆಯವರೆಗೂ ಬೆಂಚಿನ ಮೇಲೆ ಕೂತಿದ್ದ. ಅವನ ಚೀಟಿ ನನ್ನ ಮೊಣಕೈಯಡಿಯಲ್ಲೇ ಇತ್ತು, ನಾನು ಮರೆತೇ ಬಿಟ್ಟಿದ್ದೆ. ಇಂಥದ್ದು ಅದು ಮೊದಲನೆಯದೂ ಅಲ್ಲ. ಮೇಲ್ವಿಚಾರಕರು ಕರೆದು, “ಕಾಯಿಲೆಯಾದ್ರೆ ಡಾಕ್ಟರ ಕಾಗದ ತಗೊಂಬಾರಮ್ಮ. ಸೋಮಾರಿತನ ಆದ್ರೆ ಮನೇಲಿರು” ಎಂದರು. ನಾಚಿಕೆಯಿಂದ ಕುಗ್ಗಿಹೋದೆ, ಆದರೆ ಆ ಕೆಲಸವನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಅವ್ವನನ್ನು ಕರೆದುಕೊಂಡು ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋದೆ. ಗಮನ ನಿಲ್ಲದ ತೊಂದರೆ ದೊಡ್ಡವರಲ್ಲೂ ಇರುತ್ತದೆಯೇ ಎಂದು ಆಗಷ್ಟೇ ಪರೀಕ್ಷಿಸಲು ತೊಡಗಿದ್ದ ಡಾಕ್ಟರಮ್ಮ, ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಪರದೆಯ ಮೇಲೆ ಒಂದೊಂದೇ ಇಂಗ್ಲಿಷ್ ಅಕ್ಷರ ಮೂಡುತ್ತದೆ, ಪ್ರತಿಯೊಂದಕ್ಕೂ ಗುಂಡಿ ಒತ್ತಬೇಕು, ಎಕ್ಸ್ ಬಂದರೆ ಮಾತ್ರ ಕೈ ತಡೆಯಬೇಕು. ಅದನ್ನು ನೋಡುತ್ತಲೇ ನನಗೆ ನಮ್ಮ ಕುರಿ ಕೂಡುವ ರೊಪ್ಪದ ಬಾಗಿಲು ಕಂಡಿತು. ಸಂಜೆ ಒಳಗೆ ನುಗ್ಗುವ ಒಂದೊಂದು ಕುರಿಯ ಬೆನ್ನನ್ನೂ ಮುಟ್ಟಿ ಬಿಡುವುದು, ಪಕ್ಕದ ಮಂದೆಯದು ಬಂದರೆ ತಡೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಪಕ್ಕದವರ ಗುರುತೂ ಬೆನ್ನ ಮೇಲೆ ಕತ್ತರಿಯ ಹಾಗೆ ಎಳೆದ ಎರಡು ಕೆಮ್ಮಣ್ಣಿನ ಗೆರೆ, ಥೇಟ್ ಎಕ್ಸ್! ಕಾಲು ಗಂಟೆ ಹಾಗೇ ಕುರಿ ಬಿಟ್ಟೆ. ಒಂದೂ ತಪ್ಪಲಿಲ್ಲ.

“ಗಮನ ಚೆನ್ನಾಗೇ ಇದೆಯಲ್ಲಮ್ಮ” ಎಂದು ಡಾಕ್ಟರಮ್ಮ ನಕ್ಕರು. ಕಾಯಿಲೆಯಿಲ್ಲವೆಂದರೆ ಉಳಿದದ್ದು ಸೋಮಾರಿತನವೇ ಅಲ್ಲವೇ? ಪಾಸಾದರೆ ಕೆಲಸ ಹೋಗುವ ಇಂಥ ಪರೀಕ್ಷೆಯನ್ನು ನೀವು ಬರೆದಿರಲಾರಿರಿ. ಇದ್ದದ್ದನ್ನು ಹೇಳಿಯೇ ಬಿಟ್ಟೆ. “ಮೇಡಂ, ನಾನು ಅಕ್ಷರ ನೋಡ್ಲಿಲ್ಲ, ಕುರಿ ಕಾದೆ. ಹೊರಗೆ ನಮ್ಮವ್ವ ಕೂತವ್ಳೆ. ಅವಳ್ನ ಕೇಳ್ದೆ ಏನೂ ಬರೀಬ್ಯಾಡಿ.”

ಅವ್ವ ಒಳಗೆ ಬಂದು ಸೆರಗು ಸರಿಮಾಡಿಕೊಂಡಳು. “ರೊಪ್ಪದ ಬಾಗ್ಲಾಗೆ ನಿಲ್ಸಿದ್ರೆ ಒಂದು ಬ್ಯಾರೆ ಕುರೀನೂ ಒಳಕ್ಕೆ ಬುಡಲ್ಲ ಕಣಮ್ಮ. ನೀರಿಗೆ ಕಳ್ಸಿದ್ರೆ ಮಾತ್ರ ಹುಣಸೆ ಚಿಗುರು ತತ್ತಾಳೆ. ಚಿಕ್ಕೋಳಿದ್ದಾಗ್ಲಿಂದ್ಲೂ ಇಂಗೇಯ. ಸೋಮಾರಿ ಅಲ್ಲ ನನ್ ಮಗ್ಳು.”

ಡಾಕ್ಟರಮ್ಮ ಯಂತ್ರದ ಕಾಗದವನ್ನು ಪಕ್ಕಕ್ಕಿಟ್ಟು ಬಹಳ ಹೊತ್ತು ಕೇಳಿದರು: ಶಾಲೆ, ಮನೆ, ಬಿಂದಿಗೆ, ಗಂಟೆ. ಕೊನೆಗೆ, “ಯಂತ್ರ ನಿಮ್ಮನ್ನ ಕಾಲು ಗಂಟೆ ನೋಡಿದೆ, ನಿಮ್ಮ ತಾಯಿ ಹುಟ್ಟಿದಾಗಿನಿಂದ ನೋಡಿದ್ದಾರೆ. ಎರಡನ್ನೂ ಸೇರಿಸಿಯೇ ಬರೀತೀನಿ” ಎಂದರು. ಇದು ತೊಂದರೆಯೇ ಹೊರತು ಸೋಮಾರಿತನವಲ್ಲ ಎಂದು ಬರೆದೂ ಕೊಟ್ಟರು.

ಕಾಗದ ಕೆಲಸ ಉಳಿಸಿತು, ಮರೆವನ್ನು ಕಳೆಯಲಿಲ್ಲ. ಅದಕ್ಕೆ ಬಿಂದಿಗೆಯ ಗಂಟೆಯನ್ನು ಬಿಚ್ಚಿ ತಂದು ಚೀಟಿಯ ಕ್ಲಿಪ್ಪಿಗೆ ಕಟ್ಟಿ, ಚೀಟಿ ಬಂದಾಗಲೆಲ್ಲ ಕ್ಲಿಪ್ಪನ್ನು ನನ್ನ ಹೆಡ್‌ಫೋನಿನ ತಂತಿಗೆ ಸಿಕ್ಕಿಸತೊಡಗಿದೆ. ಚೀಟಿ ಬಾಕಿಯಿರುವಷ್ಟು ಹೊತ್ತೂ ತಲೆ ಅಲುಗಿದರೆ ಗಂಟೆ ಅಲುಗುತ್ತಿತ್ತು. “ಇದೇನಮ್ಮ, ಆಫೀಸೋ ಕುರಿ ರೊಪ್ಪಾನೋ?” ಎಂದರು ಮೇಲ್ವಿಚಾರಕರು. “ರೊಪ್ಪದಾಗೆ ನಾನು ಯಾವತ್ತೂ ತಪ್ಪಿಲ್ಲ ಸಾರ್” ಎಂದೆ.

ಅಜ್ಜ ಮತ್ತೆ ಬಂದ, ಮೊಮ್ಮಗುವಿನ ದನಿ ಕೇಳಬೇಕಂತೆ. ಲೈನು ಸಿಕ್ಕಿದ ಕೂಡಲೇ ಜೋಡಿಸಿದೆ.

ಈಗ ಗಂಟೆ ಮರಳಿ ಬಿಂದಿಗೆಗೆ ಬಂದಿದೆ. ಮಂದೆ ಬಿಟ್ಟು ಅಲೆಯುವ ಕುರಿಗೆ ಗಂಟೆಯನ್ನು ಕೊರಳಿಗೇ ಕಟ್ಟುತ್ತಾರೆ. ಅಲೆಯುವುದು ನಾನಲ್ಲ, ನನ್ನ ನೆನಪು ಎಂದು ತಿಳಿದಿದ್ದ ಅವ್ವ ಅದನ್ನು ನನ್ನ ಕೊರಳಿಗೆ ಕಟ್ಟಲಿಲ್ಲ, ಬಿಂದಿಗೆಗೆ ಕಟ್ಟಿದಳು.