ಹೊಸ್ತಿಲಿನ ತನಕ ಸೀರಿಯಲ್ ಮನೆ

ಹೋದ ವರ್ಷವಿಡೀ ನಮ್ಮ ಅತ್ತೆ ತಮ್ಮ ಒಡಹುಟ್ಟಿದ ಅಕ್ಕನ ಮನೆಯನ್ನು ಟಿವಿಯಲ್ಲಿ ನೋಡಿದರು. ಗೋಕಾಕದ ನಮ್ಮ ಮನೆಯಿಂದ ಅಕ್ಕನ ಊರು ಬೆಲ್ಲದ ಬಾಗೇವಾಡಿಗೆ ಒಂದೇ ಬಸ್ಸು. ಹೆಂಗಸರಿಗೆ ಈಗ ಟಿಕೀಟಿನ ಖರ್ಚೂ ಇಲ್ಲ. ಆಧಾರ್ ಕಾರ್ಡು ತೋರಿಸಿ ಕುಳಿತರೆ ಮಧ್ಯಾಹ್ನದ ಬುತ್ತಿಯನ್ನು ಅಕ್ಕನ ಅಂಗಳದಲ್ಲೇ ಬಿಚ್ಚಬಹುದು. ಆದರೆ ಹೋಗುವವರು ಯಾರು? ಇಬ್ಬರೂ ಮಾತು ಬಿಟ್ಟವರು.

ಮಾತು ಬಿಟ್ಟದ್ದು ಒಂದು ಸೀರೆಗಾಗಿ. ಅಕ್ಕನ ಮಗನ ಮದುವೆಯಲ್ಲಿ ಆಯೇರದ ಉಡುಗೊರೆ ಕೊಡುವಾಗ ಬೀಗಿತ್ತಿಗೆ ಇಳಕಲ್ ಸೀರೆ ಹೋಯಿತು, ಒಡಹುಟ್ಟಿದ ತಂಗಿಗೆ ಸಾದಾ ಸೀರೆ ಬಂತು. ಅತ್ತೆ ಅದನ್ನು ಅಲ್ಲೇ ಅಕ್ಕನ ಮನೆಯ ಕಟ್ಟೆಯ ಮೇಲಿಟ್ಟು ಚಪ್ಪಲಿ ಮೆಟ್ಟಿದರು. "ಹೋಗ್ತಿ ಏನ? ಹೋಗು. ಮತ್ತ ನನ್ನ ಹೊಸ್ತಿಲಾ ತುಳೀಬ್ಯಾಡ" ಎಂದರು ಅಕ್ಕ. "ನೀನಾಗಿ ಕರಿಯೂತನಾ ತುಳಿಯಾಕಿ ಅಲ್ಲ" ಎಂದರು ತಂಗಿ. ನಾನಾಗ ಹೊಸ ಸೊಸೆ, ನಡುವೆ ನಿಂತು ಇಬ್ಬರ ಮುಖ ನೋಡಿದ್ದೆ. ಈಗ ನನ್ನ ಕೂದಲೂ ಹಣ್ಣಾಗುತ್ತಿವೆ, ಅವರ ಸಿಟ್ಟು ಮಾತ್ರ ಇಳಿದಿಲ್ಲ.

ಹೀಗಿರುವಾಗ ಬೆಂಗಳೂರಿನಿಂದ ಸೀರಿಯಲ್ಲಿನವರು ಬಂದರು. ನಮ್ಮ ಕಡೆಯ ಕಥೆಯಂತೆ. ಇಡೀ ಸೀಮೆ ತಿರುಗಿ ಕೊನೆಗೆ ಅವರಿಗೆ ಮನಸ್ಸಿಗೆ ಬಂದದ್ದು ಊರ ಹೊರಗೆ ಕಬ್ಬಿನ ನಡುವೆ ಇರುವ ಅಕ್ಕನ ತೋಟದ ಮನೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸೀರಿಯಲ್ಲಿನ ಹುಡುಗಿ ಆ ಹೊಸ್ತಿಲ ಮೇಲೆ ಕುಳಿತು ಅಳಲು ಶುರುಮಾಡುವಳು. ಅತ್ತೆ ಹುಡುಗಿಯನ್ನು ನೋಡಿದರೆ ಕೇಳಿ! "ಹೊಸ್ತಿಲಕ್ಕ ಅರಿಷಿಣಾ ಸರಿ ಹಚ್ಚಿಲ್ಲ ನೋಡು" ಎನ್ನುವರು. "ಮೊನ್ನೆ ಇದ್ದ ಕರೀ ಎಮ್ಮಿ ಇವತ್ತ ಕಾಣವಲ್ದು, ಮಾರ್‍ಯಾಳೇನ?" ಎನ್ನುವರು. ಕಥೆ ಏನಾಯಿತು ಎಂದು ಕೇಳಿದರೆ ಗೊತ್ತಿಲ್ಲ.

ಒಂದು ದಿನ ಮದುವೆಯ ಸೀನು ಬಂತು. ಊರಿನ ಹೆಂಗಸರನ್ನೇ ಜಮಖಾನೆಯ ಮೇಲೆ ಕೂರಿಸಿದ್ದರು. ಮುಂದಿನ ಸಾಲಿನಲ್ಲಿ ಅಕ್ಕ. ಕತ್ತಿನ ಎಲುಬು ಎದ್ದು ಕಾಣುತ್ತಿದ್ದವು, ಅಕ್ಕಿಕಾಳು ಹಿಡಿದ ಕೈ ಕಡ್ಡಿಯಾಗಿತ್ತು. ಅತ್ತೆ ನನ್ನ ಮೊಬೈಲಿನಲ್ಲಿ ಅದನ್ನು ಮತ್ತೆ ಹಾಕಿಸಿದರು, ನಿಲ್ಲಿಸಿ ನೋಡಿದರು. "ಎಷ್ಟ ಸೊರಗ್ಯಾಳ, ಶಿವನ" ಎಂದರು. ಅವತ್ತು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಸೆರಗು ಕಟ್ಟಿ ಹೊರಟು ನಿಂತರು. "ನಡಿ, ಶೂಟಿಂಗ್ ಮಾಡಿದ ಜಾಗಾ ನೋಡಿ ಬರೂಣು."

"ಅಂದ್ರ, ದೊಡ್ಡತ್ತಿ ಮನಿಗೇನ್ರಿ?"

"ಅಕಿ ಮನಿಗೆ ಯಾರ ಹೊಂಟಾರ? ನಾ ಸೀರಿಯಲ್ ನೋಡಾಕಿ, ಸೀರಿಯಲ್ ಜಾಗಾ ನೋಡ್ತೇನಿ. ಎಲ್ಲಾ ಜಾಗಾ."

ಆ 'ಎಲ್ಲಾ' ಎಂಬುದೇ ನನ್ನ ಜೀವ ತಿಂದದ್ದು. ಅಕ್ಕನ ಮನೆಗೊಂದಕ್ಕೇ ಹೋದರೆ ಜನ ಏನಂದಾರು? ಸೋತು ಹೋದಳು ಅಂದಾರು. ಅದಕ್ಕೇ ಮೊದಲು ಉಳಿದ ಜಾಗಗಳನ್ನೆಲ್ಲ ನೋಡಿ ಬರಬೇಕು, ಆಗ ಅಕ್ಕನ ಮನೆಯೂ ಅವುಗಳಲ್ಲೊಂದು ಆಗುತ್ತದೆ. ಇದು ಅವರ ಲೆಕ್ಕಾಚಾರ. ಕಾಲು ಮಾತ್ರ ನನ್ನವು.

ಮೊದಲು ಗೋಕಾಕ ಫಾಲ್ಸಿನ ತೂಗುಸೇತುವೆ. ಸೀರಿಯಲ್ಲಿನ ನಾಯಕ ಅದರ ಮೇಲೆ ಓಡಿದ್ದ. ಬಸ್ಸಿಳಿದು ಬಿಸಿಲಲ್ಲಿ ನಡೆದು ಹೋದೆವು. ಅತ್ತೆ ಒಂದು ಗಳಿಗೆ ನಿಂತು, ಎಲ್ಲರೂ ಬೆರಗಾಗಿ ನೋಡುವ ನೀರಿಗೆ ಬೆನ್ನು ತಿರುಗಿಸಿ, "ಆತು, ನೋಡಿದ್ವಿ" ಎಂದರು. ಪಕ್ಕದಲ್ಲಿ ಫೋಟೋ ತೆಗೆಯುತ್ತಿದ್ದವರಿಗೆ, ಕೇಳದಿದ್ದರೂ, "ನಾವು ಶೂಟಿಂಗ್ ಜಾಗಾ ನೋಡಾಕ ಹೊಂಟೇವ್ರಿ" ಎಂದು ಸಾರಿದರು. ಸಾಕ್ಷಿ ಬೇಕಲ್ಲ!

ಆಮೇಲೊಂದು ದಿನ ಮೂಡಲಗಿ. ಸೀರಿಯಲ್ಲಿನ ಕೆಟ್ಟ ಮಾವ ಚಹಾ ಕುಡಿಯುತ್ತ ಸಂಚು ಮಾಡುವ ಹೋಟೆಲು ಅಲ್ಲಿತ್ತು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ನಿಂತೇ ಹೋದೆ. ಹೋಟೆಲು ಹುಡುಕಲು ಸಂತೆಯ ಓಣಿ, ಹಳೇ ಓಣಿ ಎಲ್ಲ ಅಲೆದೆವು. ಸಿಕ್ಕಿದ ಮೇಲೆ ಒಳಗೆ ಕಾಲಿಟ್ಟರೆ ಟಿವಿಯಲ್ಲಿ ಕಂಡ ಒಂದು ಬೆಂಚೂ ಇಲ್ಲ. ಹೋಟೆಲಿನವನು ನಕ್ಕ. "ಹೊರಗಿಂದಷ್ಟ ತಕ್ಕೊಂಡ ಹೋದ್ರರಿ. ಒಳಗಿಂದೆಲ್ಲಾ ಬೆಂಗಳೂರಾಗ ಕಟ್ಟಿ ಮಾಡ್ತಾರ. ಅವರ ಪದ್ಧತೀನ ಹಂಗ." ನನಗೆ ತಲೆ ಚಿಟ್ಟು ಹಿಡಿಯಿತು. ಒಂದು ಬಾಗಿಲು ನೋಡಲು ಇಷ್ಟು ದೂರ ಬಂದಿದ್ದೆವು. ಅತ್ತೆ ಮಾತ್ರ ಸಮಾಧಾನವಾಗಿ ಚಹಾ ಕುಡಿದರು.

ಕೊನೆಗೆ ಹುಕ್ಕೇರಿ. ಹಿಂದಿನ ದಿನ ಅತ್ತೆ ಕುಳಿತು ಶೇಂಗಾದ ಹೋಳಿಗೆ ಮಾಡಿದ್ದರು. ಯಾರಿಗೆಂದು ಕೇಳಿದರೆ, "ಹಾದ್ಯಾಗ ತಿನ್ನಾಕ." ಘಟಪ್ರಭಾ ದಾಟುವಾಗ ಹಸಿವಾಗಿ ಒಂದು ಕೊಡಿರೆಂದೆ. "ಇರಲಿ, ಮುಂದ ಬೇಕಾಗ್ತಾವ" ಎಂದು ಚೀಲವನ್ನು ಇನ್ನಷ್ಟು ಮಡಿಲಿಗೆ ಎಳೆದುಕೊಂಡರು.

ಬಸ್ಸು ಬೆಲ್ಲದ ಬಾಗೇವಾಡಿಯಲ್ಲಿ ನಿಂತಿತು. ಅರ್ಧ ಬಸ್ಸು ಇಳಿಯಿತು. ಅತ್ತೆ ಆ ಕಡೆಯ ಕಿಟಕಿಗೆ ಬೆನ್ನು ಹಾಕಿ ಈ ಕಡೆಯ ಕಬ್ಬು ನೋಡುತ್ತ ಕುಳಿತರು.

"ಅತ್ತಿ, ಇಳಿಯೂಣ್ರಿ. ಇಲ್ಲೇ ಐತೆಲ್ಲ್ರಿ!"

"ಮೊದಲ ಹುಕ್ಕೇರಿ ಗುಮ್ಮಟ ನೋಡೂಣು. ಅಲ್ಲೆ ಆ ಹುಡುಗ ಹುಡುಗಿ ಭೆಟ್ಟಿ ಆಗಿದ್ರು."

ಆ ಹುಡುಗ ಹುಡುಗಿಯನ್ನು ಮನಸ್ಸಿನಲ್ಲಿ ಬಾಯ್ತುಂಬ ಬೈದೆ. ಹುಕ್ಕೇರಿಗೆ ಹೋದೆವು. ಗುಮ್ಮಟದ ಸುತ್ತ ಒಂದು ಸುತ್ತು ಹಾಕಿದೆವು. ನನ್ನ ಚಪ್ಪಲಿಯ ಉಂಗುಟದ ಪಟ್ಟಿ ಕಿತ್ತುಹೋಯಿತು, ಪಿನ್ನು ಚುಚ್ಚಿ ನಡೆದೆ. ಮತ್ತೆ ಬಸ್ ಸ್ಟ್ಯಾಂಡು, ಮತ್ತೆ ಕಾಯುವುದು, ಬಂದ ದಾರಿಯಲ್ಲೇ ವಾಪಸ್ಸು. ಕಂಡಕ್ಟರ್ ಕೂಡ ಅವನೇ. ಬಾಗೇವಾಡಿಯಲ್ಲಿ ಇಳಿಯುವಾಗ "ಏನ್ರೆವ್ವಾ, ಆಗ ಇಲ್ಲೇ ಇಳಿದಿದ್ರ ಆಗ್ತಿರಲಿಲ್ಲೇನ?" ಎಂದ. ನಾನು ಅವನಿಗೆ ಕೈಮುಗಿದೆ.

ಊರಿನಿಂದ ತೋಟಕ್ಕೆ ಕಾಲುದಾರಿ. ಅಲ್ಲಿಯ ತನಕ ನನಗಿಂತ ಮುಂದೆ ನಡೆಯುತ್ತಿದ್ದ ಅತ್ತೆ ಈಗ ಹಿಂದೆ ಬಿದ್ದರು. "ಮನ್ಯಾಗ ಇಲ್ಲದಿದ್ರ?" ಎಂದರು. "ನೋಡಿ ಬಾಗಲಾ ಹಾಕ್ಕೊಂಡ್ರ?" ಎಂದರು. "ಸೀರಿಯಲ್ ಮನಿ ನೋಡಾಕ ಬಂದವರಿಗೆ ಅದೆಲ್ಲಾ ಯಾಕ ಬೇಕ್ರಿ?" ಎಂದೆ ನಾನು, ಉರಿದುಕೊಂಡು. ಅವರು ಸೆರಗು ಮುಖಕ್ಕೆ ಎಳೆದುಕೊಂಡರು. ನೋಡಿದರೆ ಕಣ್ಣು ತುಂಬಿದ್ದವು, ಯಾಕಾದರೂ ಹಾಗೆ ಅಂದೆನೋ ಎಂದು ನನಗೆ ಅನ್ನಿಸಿತು.

ಅಂಗಳದ ಬೇಲಿಗೆ ಬೋರ್ಡು ಕಟ್ಟಿದ್ದರು: 'ಶೂಟಿಂಗ್ ಮುಗಿದಿದೆ. ಕೇಳದೆ ಒಳಗೆ ಬರಬಾರದು.' ನೋಡಲು ಬರುವ ಜನರಿಂದ ಆ ಮನೆಯವರೂ ರೋಸಿಹೋಗಿದ್ದರು ಅಂತ ಕಾಣುತ್ತದೆ. ಬಡಿಗೆ ಊರುತ್ತ ಅಕ್ಕ ಹೊಸ್ತಿಲಿಗೆ ಬಂದರು. ತಂಗಿಯನ್ನು ನೋಡಿದರು. ಗುರುತು ಹತ್ತಿತು, ಬಾಗಿಲ ಚೌಕಟ್ಟು ಹಿಡಿದುಕೊಂಡದ್ದನ್ನು ನಾನೇ ಕಂಡೆ.

"ಯಾರ ಬೇಕಾಗಿತ್ತರಿ?" ಎಂದರು ಅಕ್ಕ.

"ಸೀರಿಯಲ್ ಮನಿ ನೋಡಾಕ ಬಂದೇವ್ರಿ" ಎಂದರು ತಂಗಿ.

"ಯಾವೂರಿಂದ ಬಂದೀರಿ?"

"ಗೋಕಾಕಲಿಂದ್ರಿ."

"ಭಾಳ ದೂರ ಆತ್ರಿ."

ಒಂದೇ ತಾಯಿಯ ಹಾಲು ಕುಡಿದವರು! ಹಣೆ ಹಣೆ ಚಚ್ಚಿಕೊಳ್ಳುವಂತಾಯಿತು ನನಗೆ. ಅಕ್ಕ ಗಂಭೀರವಾಗಿ ಅಂಗಳಕ್ಕಿಳಿದು ಬಡಿಗೆಯಿಂದ ತೋರಿಸತೊಡಗಿದರು.

"ಈ ಬೇವಿನ ಗಿಡದ ಕೆಳಗ ಆ ಹುಡುಗಿ ಅತ್ಲರಿ. ಈ ಕಟ್ಟಿ ಮ್ಯಾಲ ಅಕಿ ಗಂಡ ಕುಂತಿದ್ದರಿ."

"ಮದಿವಿ ಸೀನಿನ್ಯಾಗ ನೀವೂ ಕುಂತಿದ್ರಿ. ಭಾಳ ಸೊರಗಿದಂಗ ಕಂಡ್ರಿ."

"ಟಿವಿಯಾಗ ಹಂಗ ಕಾಣತೈತ್ರಿ."

"ಔಷಧಾ ತಗೋತೀರೇನ್ರಿ?"

"ಸೀರಿಯಲ್ ನೋಡಾಕ ಬಂದವರಿಗೆ ಅದರ ಉಸಾಬರಿ ಯಾಕ್ರಿ?"

ಕೊಟ್ಟಿಗೆ, ಬಾವಿ, ಬಣವೆ ಎಲ್ಲ ಆಯಿತು. ಕರಿ ಎಮ್ಮೆ ಇನ್ನೂ ಇತ್ತು. ಅತ್ತೆ ಅದರ ಬೆನ್ನ ಮೇಲೆ ಕೈಯಾಡಿಸಿದರು. ಸುತ್ತಿ ಮತ್ತೆ ಬಾಗಿಲಿಗೆ ಬಂದೆವು. ಅಕ್ಕ ಹೊಸ್ತಿಲು ದಾಟಿ ಒಳಗೆ ನಿಂತು ತಿರುಗಿದರು.

"ಮುಗೀತ್ರಿ. ಒಳಗಿನ ಮನಿ ಬೆಂಗಳೂರಾಗ ಮಾಡ್ಯಾರ. ಹೊಸ್ತಿಲತನಾ ಅಷ್ಟ ಸೀರಿಯಲ್ ಮನಿ. ಈಚಿಗಿಂದು ನಂದು."

ಅತ್ತೆಯ ಮುಖ ಕಪ್ಪಿಟ್ಟಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲ ಸುತ್ತಿ ಕೂಡಿಸಿಕೊಂಡ ನೆಪ ಸರಿಯಾಗಿ ಹೊಸ್ತಿಲಿಗೇ ಮುಗಿದುಹೋಗಿತ್ತು. ಒಂದು ಹೆಜ್ಜೆ ಮುಂದಿಡಲು ಇನ್ನೇನು ಹೇಳುವುದು? ಅಕ್ಕನೂ ಕರೆಯಲಿಲ್ಲ. ಆಮೇಲೆ ಒಳಗೆ ತಮ್ಮ ಸೊಸೆಗೆ ಕೂಗಿದರು: "ಏ, ನೋಡಾಕ ಬಂದವರಿಗೆ ಎರಡ ಚಾ ಕೊಡು."

ಚಹಾ ಬಂತು. ಬಂದುಹೋಗುವ ಜನಕ್ಕೆಂದು ಇಟ್ಟುಕೊಂಡಿದ್ದ ಕಾಗದದ ಕಪ್ಪಿನಲ್ಲಿ ಬಂತು. ಅತ್ತೆ ಕಪ್ಪನ್ನು ನೋಡಿದರು. ಅಂದು ಸೀರೆ ಇಟ್ಟಿದ್ದ ಅದೇ ಕಟ್ಟೆಯ ಮೇಲೆ ಅದನ್ನು ಕುಕ್ಕಿದರು.

"ನನಗ ಕಾಗದದ ಕಪ್ಪಿನ್ಯಾಗ ಚಾ ಕೊಡ್ತಿ? ಹೊರಗ ನಿಂದ್ರಿಸಿ? ನಾ ಏನ ಶೂಟಿಂಗ್ ನೋಡಾಕ ಬಂದಾಕಿ ಏನ?"

ನಾನು ನನ್ನ ಕಪ್ಪು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದೆ.

"ಮತ್ತ ಯಾತಕ್ಕ ಬಂದಿ?" ಎಂದರು ಅಕ್ಕ.

"ನಿನ್ನ ನೋಡಾಕ ಬಂದೆ! ಟಿವಿಯಾಗ ಹಂಗ ಕುಂತಿದ್ದಿ, ಇವತ್ತೊ ನಾಳೆಯೊ ಅನ್ನೂಹಂಗ. ನೋಡಿ ನನ್ನ ಹೊಟ್ಟ್ಯಾಗ ಬೆಂಕಿ ಬಿತ್ತು. ನೀ ಕರಿಯೂತನಾ ಕಾದ್ರ ಇಬ್ಬರೂ ಸತ್ತ ಹೋಗ್ತೇವಿ."

ಅಕ್ಕನ ಬಡಿಗೆ ಗೋಡೆಗೆ ಒರಗಿತು. "ಹಂಗಾರ ಅಲ್ಲೇ ಯಾಕ ನಿಂತಿ? ಒಳಗ ಬಾ."

ಈಗಲಾದರೂ ಸುಮ್ಮನೆ ಹೋಗಬೇಕೋ ಬೇಡವೋ? "ಕರದಿ ನೋಡು. ನೀನ ಕರದಿ" ಎಂದರು ಅತ್ತೆ.

"ಹೂಂ, ನಾನ ಕರದೆ. ಬಾ ನಮ್ಮವ್ವ."

ಅತ್ತೆ ಹೋಳಿಗೆಯ ಚೀಲವನ್ನು ಎದೆಗವಚಿ ಹೊಸ್ತಿಲು ದಾಟಿದರು. ಒಳಗೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಗಟ್ಟಿಯಾಗಿ ಅಳತೊಡಗಿದರು. ಅಳುವಿನ ನಡುವೆಯೇ ಇಳಕಲ್ ಸೀರೆಯ ಮಾತೂ ಶುರುವಾಯಿತು. ನನ್ನನ್ನು ಯಾರೂ ಒಳಗೆ ಕರೆಯಲಿಲ್ಲ. ಹರಿದ ಚಪ್ಪಲಿಯಲ್ಲಿ ನಿಂತು ನನ್ನ ಪಾಲಿನ ಚಹಾ ಕುಡಿದೆ.

ಅಷ್ಟರಲ್ಲಿ ಕಾಲುದಾರಿಯಿಂದ ಗಂಡಹೆಂಡತಿ ಇಬ್ಬರು ಬಂದರು. ಮುಖ ಅರಳಿತ್ತು, ಮೊಬೈಲು ಕೈಯಲ್ಲೇ ಇತ್ತು. ಒಳಗಿನ ಸದ್ದಿಗೆ ಆ ಹೆಂಗಸು ಕಿವಿಗೊಟ್ಟಳು.

"ಶೂಟಿಂಗ್ ನಡದೈತೇನ್ರಿ ಅಕ್ಕಾರ?"

"ಇಲ್ರಿ" ಎಂದೆ. "ಇವರು ಖರೇನ ಅಳಾಕತ್ತಾರ."

ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ.