ಗ್ಯಾಸ್ ಬಂಕಿಗೆ ಬಂದ ನವರಾತ್ರಿ ದೀಪ

ಗುತ್ತೆವ್ವನಿಗೆ ಯಾವುದರ ಮೇಲೂ ಗೌರವವಿಲ್ಲ. ಹಿರಿಯರು, ಅಧಿಕಾರಿಗಳು, ದೇವರು ಎಲ್ಲರೂ ಅವಳಿಗೆ ಒಂದೇ: ಗಾಡಿಯಿಂದ ಕೆಳಗಿಳಿಯಬೇಕಾದವರು.

ಅವಳ ಊರು ದುಂಡಸಿ. ಶಿಗ್ಗಾಂವಿಯ ಹೊರಗೆ, ಹೆದ್ದಾರಿ ಬದಿಯ ಬಂಕಿನಲ್ಲಿ ವಾಹನಗಳಿಗೆ ಗ್ಯಾಸ್ ತುಂಬುವುದು ಅವಳ ಕೆಲಸ. ಹೆಚ್ಚಾಗಿ ಬರುವುದು ಆಟೋಗಳು. ಯಾವ ಗಾಡಿಯೇ ಬರಲಿ, ಎಂಜಿನ್ ನಿಲ್ಲಬೇಕು, ಒಳಗಿದ್ದವರು ಇಳಿದು ಗೋಡೆಯ ಆಚೆ ಹೋಗಬೇಕು, ಮೊಬೈಲು ಆಫೀಸಿನ ಮೇಜಿನ ಮೇಲಿರಬೇಕು. ತಡಸದ ಒಬ್ಬ ಮದುಮಗನನ್ನು ಬಾಸಿಂಗದ ಸಮೇತ ಇಳಿಸಿ ಬಿಸಿಲಲ್ಲಿ ನಿಲ್ಲಿಸಿದ್ದಳು. ಮುಹೂರ್ತ ಮೀರುತ್ತದೆಂದು ಅವನ ಸೋದರಮಾವ ಕೂಗಾಡಿದಾಗ, "ನೀವು ಕೂಗೂದು ಮುಗಿಸ್ರಿ, ಆಮ್ಯಾಲೆ ತುಂಬತೇನಿ" ಎಂದು ಪೈಪನ್ನು ಕೊಕ್ಕೆಗೆ ಸಿಕ್ಕಿಸಿ ನಿಂತಳು. ಒಬ್ಬರು ಸ್ವಾಮಿಗಳೂ ಇಳಿದಿದ್ದಾರೆ. ಅವರು ಆಶೀರ್ವಾದಕ್ಕೆ ಕೈ ಎತ್ತಿದಾಗ ಅದರಲ್ಲಿದ್ದ ಮೊಬೈಲನ್ನು ತೆಗೆದುಕೊಂಡಳು.

ಕಳೆದ ನವರಾತ್ರಿಯಲ್ಲಿ ಪರಮೇಶ್ವರಪ್ಪನವರ ಮನೆ ಆ ಬಂಕಿಗೆ ಬಂತು. ಅವರು ಹಿರೇಕೆರೂರಿನವರು, ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಹಳೆಯ ಶಾಲಾ ವ್ಯಾನೊಂದನ್ನು ಕೊಂಡು ಒಳಗೆ ಮಂಚ, ಒಲೆ, ಗ್ಯಾಸ್ ಉರಿಸಿ ನಡೆಯುವ ಫ್ರಿಜ್ ಕೂಡಿಸಿ, ಅವೆರಡಕ್ಕೆಂದು ನೆಲದಡಿ ಗ್ಯಾಸಿನ ಟಾಕಿ ಹಾಕಿಸಿ, ಅದರಲ್ಲೇ ಊರೂರು ಸುತ್ತುತ್ತಿದ್ದರು. ಹೆಂಡತಿ ನಾಗರತ್ನಾ ಇದಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ನವರಾತ್ರಿಯ ದೀಪ ವ್ಯಾನಿನಲ್ಲೇ ಉರಿಯಬೇಕು. ಆ ದೀಪ ಹಬ್ಬ ಮುಗಿಯುವ ತನಕ ಆರುವಂತಿಲ್ಲ, ಇಟ್ಟ ಜಾಗದಿಂದ ಕದಲುವಂತೆಯೂ ಇಲ್ಲ. ಆರಿದ ದಿನ ತಾನು ಬಸ್ ಹತ್ತಿ ಮನೆಗೆ ಹೋಗುವವಳು, ಮತ್ತೆ ಈ ಡಬ್ಬಿಯಲ್ಲಿ ಕಾಲಿಡುವವಳಲ್ಲ ಎಂದು ಆಕೆ ಮೊದಲೇ ಹೇಳಿದ್ದರು. ಆಕೆ ಹೇಳಿದ್ದನ್ನು ಮಾಡುವವರು ಎಂಬುದು ಗಂಡನಿಗೆ ಮದುವೆಯಾದಾಗಿನಿಂದ ಗೊತ್ತಿತ್ತು.

ಸವಣೂರಿಗೆ ಹೊರಟವರಿಗೆ ಹಾನಗಲ್ ದಾಟಿದ ಮೇಲೆ ಗ್ಯಾಸ್ ಮುಗಿಯಿತು. ಗ್ಯಾಸಿಲ್ಲದೆ ನೈವೇದ್ಯವಿಲ್ಲ. ಹೀಗಾಗಿ ಅವರು ಶಿಗ್ಗಾಂವಿಯ ಬಂಕಿಗೆ ಬಂದರು.

"ಒಳಗ ಬೆಂಕಿ ಎಲ್ಲಾ ಆರಿಸೀರೇನ್ರಿ?" ಗುತ್ತೆವ್ವ ಕೇಳಿದಳು.

"ಎಲ್ಲಾ ಆರಿಸೇವಿ. ಒಲಿ, ಫ್ರಿಜ್, ಎಲ್ಲಾ" ಎಂದರು ಪರಮೇಶ್ವರಪ್ಪ. ಸುಳ್ಳು ಹೇಳುವ ಮನುಷ್ಯರಲ್ಲ. ದೀಪವನ್ನು ಅವರು ಬೆಂಕಿಯೆಂದು ಎಣಿಸಿಯೇ ಇರಲಿಲ್ಲ.

ಗುತ್ತೆವ್ವ ಬಾಗಿಲಲ್ಲಿ ತಲೆಹಾಕಿ ನೋಡಿದಳು. ಡ್ರೈವರ್ ಸೀಟಿನ ಹಿಂದೆ ಒಂದು ಮಣೆ, ಮಣೆಯ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ದೀಪ ಉರಿಯುತ್ತಿತ್ತು.

"ಅದೇನ್ರಿ?"

"ಅದು ಬೆಂಕಿ ಅಲ್ಲ ತಂಗಿ, ದೀಪ" ಎಂದರು ನಾಗರತ್ನಾ.

"ಗ್ಯಾಸಿಗೆ ಅದು ತಿಳಿಯಂಗಿಲ್ರಿ. ಆರಿಸ್ರಿ, ಇಲ್ಲಾ ಹೊರಗ ಒಯ್ರಿ."

"ಆರಿಸಂಗಿಲ್ಲ. ಹೊರಗೂ ಒಯ್ಯಂಗಿಲ್ಲ. ಘಟಸ್ಥಾಪನಿ ದೀಪ, ಕದಲಬಾರದು. ನಿಮ್ಮ ಮನ್ಯಾಗ ಹಾಕೂದಿಲ್ಲೇನು?"

"ಇಲ್ರಿ. ನಮ್ಮ ಮನ್ಯಾಗ ಬುದ್ಧ ಒಬ್ಬಾಂವ ಅದಾನ. ಅವ ಏನೂ ಕೇಳಂಗಿಲ್ಲ."

ಹಿಂದೆ ನಿಂತಿದ್ದ ಆಟೋದ ಮುಬಶೀರ ಹಾರ್ನ್ ಬಾರಿಸಿದ. "ಅಕ್ಕಾ, ಲಗೂ ಮುಗಿಸ, ನನ್ನ ಬಾಡಗಿ ಹೋಗತೈತಿ!"

"ಬಾಯಾಗಿನ ಬೀಡಿ ಒಗದು ಮಾತಾಡ" ಎಂದಳು ಗುತ್ತೆವ್ವ. ಬೀಡಿ ಇನ್ನೂ ಹಚ್ಚಿರಲಿಲ್ಲ. ಆದರೂ ಅವನು ಅದನ್ನು ಜೇಬಿಗೆ ಹಾಕಿಕೊಂಡ.

ಅವಳು ಮತ್ತೆ ನಾಗರತ್ನಾ ಕಡೆ ತಿರುಗಿದಳು. "ಅಕ್ಕಾರ, ದೀಪ ಎಲ್ಲಿ ಹಚ್ಚಿದ್ರಿ?"

"ಹಿರೇಕೆರೂರಾಗ."

"ಇದು ಶಿಗ್ಗಾಂವಿ. ಕದಲಲಿಲ್ಲೇನು?"

"ವ್ಯಾನ್ ಕದಲೇತಿ. ದೀಪ ಇಟ್ಟಲ್ಲೇ ಐತಿ."

ಪರಮೇಶ್ವರಪ್ಪ ಆಕಾಶ ನೋಡಿದರು. ಈ ವಾದವನ್ನು ಅವರು ಹಬ್ಬದ ಮೊದಲ ದಿನವೇ ಮಾಡಿ ಸೋತಿದ್ದರು. ಗುತ್ತೆವ್ವ ವಾದ ಮಾಡಲಿಲ್ಲ. ಮಣೆಯನ್ನೇ ನೋಡುತ್ತ ನಿಂತಳು.

"ಹಂಗಾದ್ರ ಮಣಿ ಸಮೇತ ಒಯ್ರಿ" ಎಂದಳು. "ವ್ಯಾನ್ ಕದಲಿದ್ರ ದೀಪ ಕದಲಂಗಿಲ್ಲ ಅಂದ್ರ, ಮಣಿ ಕದಲಿದ್ರೂ ಕದಲಂಗಿಲ್ಲ. ದೀಪ ಮಣಿ ಮ್ಯಾಲೆ ಇಟ್ಟಲ್ಲೇ ಇರತೈತಿ."

ನಾಗರತ್ನಾ ಗಂಡನನ್ನು ಒಳಗೆ ಕರೆದರು. ತಮ್ಮ ಮಾತನ್ನು ತಾವೇ ಅಲ್ಲಗಳೆಯುವುದು ಅವರಿಂದಾಗುವ ಕೆಲಸವಲ್ಲ.

ಗಂಡಹೆಂಡತಿ ಇಬ್ಬರೂ ಮಣೆಯನ್ನು ಎರಡು ಕಡೆ ಹಿಡಿದು ಇಳಿಸಿದರು, ಬಂಕಿನ ಗೋಡೆಯ ಆಚೆ, ರಸ್ತೆ ಬದಿಯ ಬೇವಿನ ಮರದ ಕೆಳಗಿಟ್ಟರು. ಲಾರಿ ಹೋದಾಗಲೆಲ್ಲ ಗಾಜಿನೊಳಗೆ ಕುಡಿ ಬಾಗುತ್ತಿತ್ತು. ನಾಗರತ್ನಾ ಸೆರಗನ್ನು ಹರಡಿ ಗಾಳಿಗೆ ಅಡ್ಡ ಕುಳಿತರು. ಇತ್ತ ಗುತ್ತೆವ್ವ ವ್ಯಾನಿನ ಕಿಟಕಿಗಳನ್ನೆಲ್ಲ ತೆರೆಸಿ, ಒಲೆಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಟಾಕಿಗೆ ಪೈಪ್ ಜೋಡಿಸಿದಳು. ಟಾಕಿಯ ಮುಳ್ಳು ನೂರಕ್ಕೆ ಎಂಬತ್ತಕ್ಕೆ ಬಂದದ್ದೇ ನಿಲ್ಲಿಸಿದಳು.

"ಪೂರ್ತಿ ತುಂಬವಾ, ಮತ್ತ ಮತ್ತ ಬರಾಕ ಆಗಂಗಿಲ್ಲ" ಎಂದು ಪರಮೇಶ್ವರಪ್ಪ ಗೋಡೆಯಾಚೆಯಿಂದ ಕೂಗಿದರು.

"ಅನ್ನಕ್ಕಿಟ್ರ ಗಡಿಗಿ ತುಂಬಾ ಅಕ್ಕಿ ಹಾಕತೀರೇನ್ರಿ? ಬಿಸಿಲಿಗೆ ಗ್ಯಾಸೂ ಉಬ್ಬತೈತಿ. ಅದಕ್ಕ ಜಾಗಾ ಬೇಕು."

ಪೈಪ್ ಬಿಚ್ಚಿ, ಜೋಡಣೆಗೆ ಸಾಬೂನು ನೀರು ಸವರಿ ಕಾದಳು. ಗುಳ್ಳೆ ಏಳಲಿಲ್ಲ. ವಾಸನೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಗಾಡಿ ಚಾಲೂ ಮಾಡಲು ಬಿಟ್ಟಳು. ದೀಪ ಬಂಕಿನೊಳಗೆ ಬರುವಂತಿಲ್ಲ, ಗಾಡಿಯೇ ಮರದ ಹತ್ತಿರ ಹೋಗಬೇಕು ಎಂದಳು.

ಪರಮೇಶ್ವರಪ್ಪ ವ್ಯಾನನ್ನು ಮರದ ಪಕ್ಕಕ್ಕೆ ತಂದರು. ಅಲ್ಲಿ ರಸ್ತೆ ಇಳಿಜಾರು, ಹ್ಯಾಂಡ್ ಬ್ರೇಕಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ಕಾಲನ್ನು ಬ್ರೇಕಿನಿಂದ ತೆಗೆಯುವಂತಿರಲಿಲ್ಲ. ನಾಗರತ್ನಾ ಒಬ್ಬರೇ ಮಣೆ ಎತ್ತಲು ಹೋದರು. ಮಣೆ ಓರೆಯಾಯಿತು, ಎಣ್ಣೆ ಚೆಲ್ಲಿತು, ಕುಡಿ ಸಣ್ಣದಾಯಿತು. ಕೆಳಗಿಟ್ಟುಬಿಟ್ಟರು.

"ತಂಗೀ, ಒಂದು ಕಡೆ ಹಿಡೀತಿಯೇನವಾ?"

ಗುತ್ತೆವ್ವ ಬಂದು ಬಾಗಿದಳು. ಹಾಗೆಯೇ ನಿಂತಳು. ನಂತರ ಮಂಡಿಯೂರಿ, ಬಂಕಿನವರು ಕೊಟ್ಟಿದ್ದ ದಪ್ಪ ಬೂಟಿನ ಲಾಡಿ ಬಿಚ್ಚತೊಡಗಿದಳು. ಹಿಂದೆ ಮುಬಶೀರ ಹಾರ್ನ್ ಬಾರಿಸುತ್ತಲೇ ಇದ್ದ.

"ಇರಲಿ ಬಿಡವಾ, ಬೂಟ್ ಹಾಕ್ಕೊಂಡ ಹಿಡಿ" ಎಂದರು ನಾಗರತ್ನಾ. "ಆರೀತು."

"ಆರಂಗಿಲ್ರಿ."

ಎರಡನೆಯ ಬೂಟನ್ನೂ ಬಿಚ್ಚಿ ಪಕ್ಕಕ್ಕಿಟ್ಟು, ಬರಿಗಾಲಲ್ಲಿ ಕಾದ ಡಾಂಬರಿನ ಮೇಲೆ ನಿಂತು, ಮಣೆಯ ತನ್ನ ಕಡೆಯ ತುದಿಯನ್ನು ಎತ್ತಿದಳು.