ಬಸ್ತ್ಯಾಂವ ಕಾಕಾನ ಜೇನುಪೆಟ್ಟಿಗೆ

ಐಸ್ ಡಬ್ಬಿಯಲ್ಲಿರಬೇಕಾದ ಔಷಧಿಯನ್ನು ಬೈಕಿನ ಸೀಟಿನ ಮೇಲೆ ಬಿಸಿಲಿಗಿಟ್ಟು, ಅದರ ಜಾಗದಲ್ಲಿ ಶರಬತ್ತಿನ ಬಾಟಲಿ ತಂಪು ಮಾಡಿದ ಮಹಾಶಯ ನಾನೇ. ಐಸಿನಿಂದ ಹೊರಗಿಟ್ಟರೆ ಅದು ಕೆಡುತ್ತದೆ ಎಂದು ಊರಿಗೆಲ್ಲ ಪಾಠ ಮಾಡಿದ್ದವನೂ ನಾನೇ.

ಔಷಧಿಯೆಂದರೆ ಗೋವಿನಜೋಳದ ಸೈನಿಕ ಹುಳುವಿಗೆ ಸಿಂಪಡಿಸುವ ಆರ್‌ಎನ್‌ಎ. ಹುಳು ತಿಂದರೆ ಅದು ಹುಳುವಿನ ಮೈಯೊಳಗೆ ಚೂರುಚೂರಾಗಿ, ಹುಳು ಬದುಕಲು ಬೇಕಾದ ಒಂದು ಜೀನಿನ ಬಾಯಿ ಮುಚ್ಚಿಸುತ್ತದೆ. ಮಳಗಿಯ ಹತ್ತಿರ ನಾನು ಕೆಲಸಕ್ಕಿದ್ದ ಈ ಪ್ರಯೋಗಕ್ಕೆ ಹೊಲ ಬಿಟ್ಟುಕೊಟ್ಟವರು ಸಿದ್ದಿಯರ ಓಣಿಯ ಬಸ್ತ್ಯಾಂವ ಕಾಕಾ.

ಕಾಕಾ ಜೇನುಹುಳಗಳ ಜೊತೆ ಮಾತಾಡುವ ಮನುಷ್ಯ. ಬದುವಿನ ಮೇಲಿನ ಪೆಟ್ಟಿಗೆಗೆ ಬಗ್ಗಿ, "ಏಳ್ರೆವ್ವಾ, ಹೊತ್ತೇರೇತಿ" ಅನ್ನುತ್ತಿದ್ದರು. ಅವು ಸತ್ತಾವೆಂದು ಹೊಲಕ್ಕೆ ವಿಷ ಹೊಡೆಯಲು ಅವರ ಕೈ ಏಳುತ್ತಿರಲಿಲ್ಲ. ನನ್ನ ಪಾಠವನ್ನು ಅವರು ನೆರೆಯವರಿಗೆ ದಾಟಿಸಿದ್ದು ಹೀಗೆ: "ಇದು ಊರಿಗೆಲ್ಲಾ ಕರೆಂಟ್ ತಗಿಯೂದಲ್ಲೋ. ಹುಳದ ಮನಿ ಫ್ಯೂಜ್ ಅಷ್ಟ ಕೀಳ್ತೈತಿ. ನನ್ನ ಜೇನಿನ ಮನ್ಯಾಗ ದೀಪ ಉರೀತಿರ್ತೈತಿ."

ಔಷಧಿ ಹೊಡೆಯುವ ದಿನ ಹೊಲದಲ್ಲಿ ಅವರಿಗೆ ಶರಬತ್ತು ಚಾಚಿದೆ. "ಟಿಬೆಟನ್ ಕಾಲೊನಿಯಿಂದ ತಂದೇನಿ, ಕುಡೀರಿ ಕಾಕಾ."

"ಎದಿ ತಂಪಾತೋ ತಮ್ಮಾ! ಇನ್ನೊಂದ ಐತೇನು?"

ಇನ್ನೊಂದೂ ಆಯಿತು. ಆಮೇಲೆ ಔಷಧಿ ಹೊಡೆದೆವು. ಹುಳುಗಳು ಮದುವೆ ಊಟ ಮುಗಿಸಿದ ಬೀಗರಂತೆ ದಪ್ಪಗಾದವು. ಕೊನೆಗೆ ಕಾಕಾ ಅಂಗಡಿಯ ವಿಷವನ್ನೇ ತಂದು ಹೊಡೆದರು. ಪೆಟ್ಟಿಗೆಯ ಮುಂದೆ ಜೇನುಹುಳಗಳು ರಾಶಿ ಬಿದ್ದವು.

"ಈ ಔಷಧಿ ನಿಮ್ಮ ಸೀಮೆಗೆ ಆಗಿಬರೋದಿಲ್ಲ" ಅಂದರು ಕಾಕಾಗೆ, ಪ್ರಯೋಗ ನಡೆಸುತ್ತಿದ್ದ ನಮ್ಮ ಸರ್. ಹೌದೆಂದು ತಲೆಯಾಡಿಸಿದೆ.

ಆಮೇಲೊಮ್ಮೆ ಮುಂಡಗೋಡ ಸಂತೆಯಲ್ಲಿ ಕಾಕಾ ನನ್ನನ್ನು ಕಂಡದ್ದೇ ತಲೆ ತಗ್ಗಿಸಿ, ಉಳ್ಳಾಗಡ್ಡಿ ಚೀಲಗಳ ಸಂದಿಯಲ್ಲಿ ನುಸುಳಿ ಹೋದರು. ಕೂಗಲು ಧೈರ್ಯ ಬರಲಿಲ್ಲ. ಇಂಥವನ ಮುಖ ಯಾರು ನೋಡುತ್ತಾರೆ ಅಂದುಕೊಂಡೆ. ಅದೇ ಕೊನೆ.

ಈ ವರ್ಷ ಅವರು ತೀರಿಕೊಂಡ ಸುದ್ದಿ ಕೇಳಿ ಮನೆಗೆ ಹೋದೆ. ಅವರ ಹೆಂಡತಿ ಮಾರಿಯಾ ಕಾಕಿಯ ಮುಂದೆ ಬಿಸಿಲು, ಬಾಟಲಿ, ಶರಬತ್ತು ಎಲ್ಲವನ್ನೂ ಒದರಿಬಿಟ್ಟೆ. ಕಾಕಿ ಖಾಲಿ ಪೆಟ್ಟಿಗೆಯ ಧೂಳು ಒರೆಸುತ್ತ ಕೇಳಿಸಿಕೊಂಡರು.

"ಔಷಧಿ ಬಾಟ್ಲಿ ಬಿಸಲಾಗ ಇದ್ದದ್ದು ಅವ್ರೂ ನೋಡಿದ್ರೋ. ಹೇಳ್ಬೇಕಂದ್ರಂತ. ಕೈಯಾಗ ನಿನ್ನ ಶರಬತ್ತಿತ್ತು, ಸುಮ್ನಾದ್ರಂತ. ಸಂತ್ಯಾಗ ನಿನಗ ಮಾರಿ ತೋರ್ಸಲಾರದ ಮನಿಗೆ ಓಡಿ ಬಂದಿದ್ರು. 'ಹುಡುಗನ ಔಷಧಿ ಚಲೋ ಇತ್ತು, ನಾನ ಕೆಡಿಸಿದ್ನಿ' ಅಂತ ಕಡೀತನಕಾ ಅಂತಿದ್ರು."